ಹಾಕದೇ ಉಳಿದ ಅರ್ಜಿ

ಚಿಕ್ಕಮ್ಮನಿಗೆ ವಿಯೆಟ್ನಾಮಿನ ವೀಸಾ ಆಗಲಿಲ್ಲ ಎಂದು ನಾನು ಹೇಳಿದ್ದು ಒಂದು ಭಾನುವಾರ, ಸುಳ್ಯದಲ್ಲಿ ಅವರ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಚ್ಚುತ್ತಾ. ಎದುರು ಕೂತು ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಹೇಳಿದ್ದು ಸುಳ್ಳು. ಅರ್ಜಿಯನ್ನೇ ನಾನು ಹಾಕಿರಲಿಲ್ಲ.

ಇದನ್ನೆಲ್ಲ ಬರೆಯಲಾ ಎಂದು ಮೊನ್ನೆ ಅವರಲ್ಲೇ ಕೇಳಿದೆ. "ಹೆಸರು ಹಾಕ್ಬೇಡ. ಉಳಿದದ್ದು ನಿನ್ನ ಇಷ್ಟ" ಎಂದರು. ಹಾಗಾಗಿ ಹೆಸರಿಲ್ಲ.

ಅವರು ನನ್ನ ಅಮ್ಮನ ತಂಗಿ. ಇಪ್ಪತ್ತೆರಡನೇ ವಯಸ್ಸಿಗೆ ಕಡಬದ ಕಡೆಯ ಒಂದು ಮನೆಗೆ ಮದುವೆಯಾಗಿ ಹೋದವರು ಮೂರೇ ತಿಂಗಳಿಗೆ ಒಂದು ಕೈಚೀಲ ಹಿಡಿದುಕೊಂಡು ವಾಪಸ್ ಬಂದರು. ಯಾಕೆ ಬಂದದ್ದೆಂದು ಯಾರಿಗೂ ಹೇಳಲಿಲ್ಲ. "ಆ ಮನೆಯ ಮೆಟ್ಟಿಲು ನಾನು ಇನ್ನು ಹತ್ತುದಿಲ್ಲ" ಎಂದಷ್ಟೇ ಅಮ್ಮನಲ್ಲಿ ಹೇಳಿದರಂತೆ. ಕೋರ್ಟು, ವಿಚ್ಛೇದನ ಎಂದು ಎರಡೂ ಕಡೆಯವರು ಹೋಗಲಿಲ್ಲ. ಆ ಕಡೆ ಗಂಡ ಇನ್ನೊಂದು ಮದುವೆಯಾದರು. ಈ ಕಡೆ ಚಿಕ್ಕಮ್ಮ ಹೊಲಿಗೆ ಕಲಿತು, ಸುಳ್ಯ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯ ಮಾಳಿಗೆಯಲ್ಲಿ ಎರಡು ಮೆಷಿನ್ ಇಟ್ಟು ಕೂತರು. ಅಂಗಡಿಯ ಹಿಂದೆಯೇ ಎರಡು ಕೋಣೆಯ ಮನೆ. ನಮ್ಮ ಊರಿನಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ಎಂಟನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ನಾನು ಇದ್ದದ್ದು ಆ ಎರಡು ಕೋಣೆಗಳಲ್ಲಿ. ಆಮೇಲೆ ಡಿಗ್ರಿ, ಬಿ.ಎಡ್. ಓದಿಸಿದ್ದೂ ಅವರೇ.

ದೇಶಗಳ ಹುಚ್ಚು ಅವರಿಗೆ ಹತ್ತಿದ್ದು ಬಟ್ಟೆಯಿಂದ. ಗಲ್ಫಿನಿಂದ ರಜೆಯಲ್ಲಿ ಬಂದವರು ತಂದ ರೆಡಿಮೇಡ್ ಶರ್ಟು, ಚೂಡಿದಾರ್‌ಗಳು ಗಿಡ್ಡ ಮಾಡಲಿಕ್ಕೆ, ಬಿಗಿ ಮಾಡಲಿಕ್ಕೆ ಅವರ ಹತ್ತಿರ ಬರುತ್ತಿದ್ದವು. ಕತ್ತಿನ ಹಿಂದೆ ಒಂದು ಸಣ್ಣ ಪಟ್ಟಿ ಇರುತ್ತದಲ್ಲ, ಯಾವ ದೇಶದಲ್ಲಿ ತಯಾರಾದದ್ದೆಂದು, ಅದನ್ನು ನನ್ನಿಂದ ಓದಿಸುತ್ತಿದ್ದರು. ಟರ್ಕಿ. ಬಾಂಗ್ಲಾದೇಶ. ಶ್ರೀಲಂಕಾ. ಒಂದು ಸಲ ಒಂದು ಬಿಳಿ ಶರ್ಟನ್ನು ಒಳಗು ಹೊರಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಒಳಗಿನ ಹೊಲಿಗೆ ನೋಡು ಮಾರಾಯ್ತಿ. ಹೊರಗಿನಷ್ಟೇ ಚೆಂದ ಉಂಟು. ಯಾರಿಗೂ ಕಾಣುದಿಲ್ಲ, ಆದ್ರೂ ಚೆಂದ ಮಾಡಿದ್ದಾರೆ. ಎಲ್ಲಿದು?"

"ವಿಯೆಟ್ನಾಂ."

"ಅದು ಎಲ್ಲಿ ಬರ್ತದೆ? ಅಟ್ಲಾಸ್ ತಾ."

ಹಾಗೆ ನಮ್ಮ ಭಾನುವಾರದ ಆಟ ಶುರುವಾಯಿತು. ಒಂದು ದೇಶ ಆರಿಸಿ, ಅಲ್ಲಿಗೆ ಹೋಗುವುದು ಹೇಗೆ ಎಂದು ಹೇಳಬೇಕು. ಹೊರಡುವುದು ಸುಳ್ಯ ಬಸ್ ಸ್ಟ್ಯಾಂಡಿನಿಂದಲೇ. ವಿಮಾನ ಹತ್ತಿದೆ, ಇಳಿದೆ ಎಂದು ಹಾರಿಸಿ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. "ಬಸ್ಸಿಂದ ಇಳಿದದ್ದು ಎಲ್ಲಿ? ಊಟ ಎಲ್ಲಿ ಮಾಡಿದ್ದು? ಮೂತ್ರಕ್ಕೆ ಎಲ್ಲಿ ಹೋದದ್ದು?" ಎಲ್ಲವನ್ನೂ ಹೇಳಬೇಕು. ಜಾಲ್ಸೂರಿನಲ್ಲಿ ಇಳಿದು ಕೇರಳದ ಬಸ್ಸು ಹಿಡಿದು ಕಾಸರಗೋಡು, ಅಲ್ಲಿಂದ ರೈಲು, ಬಂದರು, ಹಡಗು, ಕೊಲಂಬೊ ಎಂದು ನಾನು ಅಟ್ಲಾಸಿನ ಮೇಲೆ ಬೆರಳಿಡುತ್ತಾ ಹೋದ ಹಾಗೆ ಅವರು ಬ್ಲೌಸಿಗೆ ಹುಕ್ಕು ಹಾಕುತ್ತಾ "ಹ್ಞೂಂ, ಮತ್ತೆ?" ಎನ್ನುವರು. ಬೇಕಾದಷ್ಟು ದೇಶಗಳಿಗೆ ಹೋದೆವು. ವಿಯೆಟ್ನಾಮಿಗೆ ಮಾತ್ರ ಮತ್ತೆ ಮತ್ತೆ ಹೋಗುತ್ತಿದ್ದೆವು.

ಬಿ.ಎಡ್. ಮುಗಿದು ನನಗೆ ಕಡಬದ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು, ಮದುವೆಯೂ ಆಯಿತು, ಕಡಬದಲ್ಲೇ ಮನೆಯಾಯಿತು. ಸುಳ್ಯಕ್ಕೆ ಹೋಗುವುದು ತಿಂಗಳಿಗೊಮ್ಮೆ ಆಯಿತು. ಆಟ ಮಾತ್ರ ನಿಲ್ಲಲಿಲ್ಲ. ಅಟ್ಲಾಸಿನ ಬದಲು ನನ್ನ ಮೊಬೈಲು ಬಂತು. ಈಗ ಉತ್ತರಗಳು ಬೇಗ ಸಿಗುತ್ತಿದ್ದವು. ಕೊಚ್ಚಿಯಿಂದ ವಿಯೆಟ್ನಾಮಿಗೆ ನೇರ ವಿಮಾನ ಇದೆ, ಆಲುವಾ ಸ್ಟೇಷನಿನಲ್ಲಿ ಇಳಿದರೆ ವಿಮಾನ ನಿಲ್ದಾಣ ಹತ್ತಿರವೇ ಎಂದು ನಾನು ತೋರಿಸಿದ ದಿನ ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿ ಪುನಃ ಹಾಕಿಕೊಂಡು ನೋಡಿದರು.

"ಅಂದ್ರೆ ಜಾಲ್ಸೂರು, ಕಾಸರಗೋಡು, ರೈಲಲ್ಲಿ ಆಲುವಾ, ಮತ್ತೆ ವಿಮಾನ. ಅಷ್ಟೇಯಾ?"

"ಅಷ್ಟೇ ಚಿಕ್ಕಮ್ಮ."

"ಅಷ್ಟಾದ್ರೆ ಮತ್ತೆ ನಾವು ಯಾಕೆ ಇನ್ನೂ ಇಲ್ಲೇ ಕೂತದ್ದು?"

ನಾನು ನಕ್ಕೆ. ಅವರು ನಗಲಿಲ್ಲ. ಅವರಿಗೆ ಆಗ ಅರವತ್ತೈದು.

ಪಾಸ್‌ಪೋರ್ಟಿನ ಅರ್ಜಿಯನ್ನು ನಾನೇ ತುಂಬಿಸಿದೆ. ವೈವಾಹಿಕ ಸ್ಥಿತಿ ಎಂಬಲ್ಲಿ ಬಂದಾಗ ಕೈ ನಿಂತಿತು. "ಬೇರೆಯಾಗಿದ್ದೇವೆ ಅಂತ ಹಾಕು, ಅದೇ ಸತ್ಯ ಅಲ್ವಾ" ಎಂದರು. ಗಂಡನ ಹೆಸರು ಹಾಕಬೇಕಾದ ಅಗತ್ಯ ಇರಲಿಲ್ಲ, ಹಾಕಲಿಲ್ಲ. ವಿಚಾರಣೆಗೆ ಬಂದ ಪೊಲೀಸಿನವರು "ಅಮ್ಮಾ, ನಿಮ್ಮ ಯಜಮಾನರು?" ಎಂದು ಕೇಳಿದ್ದಕ್ಕೆ "ಇದ್ದಾರೆ. ನನ್ನ ಜೊತೆ ಇಲ್ಲ" ಎಂದು ಹೇಳಿ ಅವರಿಗೆ ಮಜ್ಜಿಗೆ ಕೊಟ್ಟರಂತೆ. ಪಾಸ್‌ಪೋರ್ಟು ಬಂದ ದಿನ ಫೋನ್ ಮಾಡಿ ಅದರ ಬಣ್ಣ, ಅದರ ಒಳಗಿನ ಚಿತ್ರಗಳು, ಕೊನೆಯ ಪುಟದಲ್ಲಿ ಅಪ್ಪ ಅಮ್ಮನ ಹೆಸರು, ಅದರ ಕೆಳಗೆ ಖಾಲಿ ಬಿಟ್ಟ ಜಾಗ ಎಲ್ಲ ವರ್ಣಿಸಿದರು. ಬೇಸಿಗೆ ರಜೆಯಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಈ ಸಲ ಆಟ ಅಲ್ಲ.

ಅದೇ ಸಮಯಕ್ಕೆ ನಮ್ಮ ಶಾಲೆಯ ಹಿಂದಿ ಟೀಚರ್ ಮತ್ತು ವಿಜ್ಞಾನದ ಟೀಚರ್ ನಾವೂ ಬರ್ತೇವೆ ಎಂದರು. ನನಗೆ ಖುಷಿಯಾಯಿತು. ಅವರಿಬ್ಬರೂ ಮೊದಲೇ ಎರಡು ದೇಶ ನೋಡಿದವರು, ಚಂದ ಡ್ರೆಸ್ ಮಾಡುವವರು, ಅವರ ಜೊತೆ ಹೋಗುವುದೆಂದರೆ ನನಗೊಂದು ಹೆಮ್ಮೆ. ಮಾತಾಡಿ ತೀರ್ಮಾನ ಮಾಡುವ ಎಂದು ಒಂದು ದಿನ ಮಧ್ಯಾಹ್ನ ಊಟಕ್ಕೆ ಅವರನ್ನೂ ಚಿಕ್ಕಮ್ಮನನ್ನೂ ಮನೆಗೆ ಕರೆದೆ.

ಚಿಕ್ಕಮ್ಮನಿಗೆ ಎಡಗಿವಿ ಸರಿ ಕೇಳುವುದಿಲ್ಲ. ಹಾಗಾಗಿ ಜೋರು ಮಾತಾಡುತ್ತಾರೆ. ಅವತ್ತು ಮಾತಾಡಿದ್ದೆಲ್ಲ ಅವರೇ. ಕುಚ್ಚಲಕ್ಕಿ ಎರಡು ಕಿಲೋ, ಸಣ್ಣ ಕುಕ್ಕರ್, ಮಾವಿನ ಮಿಡಿ ಉಪ್ಪಿನಕಾಯಿ ತಾನು ತರುತ್ತೇನೆ ಎಂದರು. ಹೋಟೆಲಿನ ರೂಮಿನಲ್ಲಿ ಗಂಜಿ ಬೇಯಿಸಲಿಕ್ಕೆ ಬಿಡುತ್ತಾರಾ ಎಂದು ಕೇಳಿದರು. ಗಂಟೆಗೊಮ್ಮೆ ತನಗೆ ಬಾತ್‌ರೂಮಿಗೆ ಹೋಗಲಿಕ್ಕೆ ಉಂಟು, ಅದಕ್ಕೆ ಬಸ್ಸು ನಿಲ್ಲಿಸುತ್ತಾರಾ ಎಂದು ಊಟದ ಎಲೆಯ ಎದುರೇ ಕೇಳಿದರು. ಆಮೇಲೆ ಹಿಂದಿ ಟೀಚರಿನ ಕುರ್ತಾದ ತೋಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಹೊಲಿದವರು ಯಾರು? ನೂಲು ಬಿಟ್ಟಿದ್ದಾರೆ. ಬಿಚ್ಚಿ ಕೊಡಿ, ನಾನು ಸರಿ ಮಾಡಿ ಕೊಡ್ತೇನೆ" ಎಂದರು. ಹಿಂದಿ ಟೀಚರ್ ನಕ್ಕರು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಮರುದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಟೀಚರ್ ಚಹಾ ಕುಡಿಯುತ್ತಾ, "ನಿಮ್ಮ ಚಿಕ್ಕಮ್ಮ ಬಂದ್ರೆ ನಾವು ಬಾತ್‌ರೂಮ್ ಹುಡುಕುದ್ರಲ್ಲೇ ದಿನ ಹೋಗ್ತದಾ ಅಂತ" ಎಂದರು. ಇಬ್ಬರೂ ನಕ್ಕರು, ನಾನೂ ನಕ್ಕೆ. ಅವರು ಅಷ್ಟು ಹೇಳಿ ಮುಂದಿನ ಪೀರಿಯಡಿಗೆ ಹೋದರು. ನಾನು ಮಾತ್ರ ಆ ಮಾತನ್ನು ದಿನವಿಡೀ ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಅದು ಬೇಕಿತ್ತೋ ಏನೋ.

ವೀಸಾ ಅರ್ಜಿ ಮೊಬೈಲಿನಲ್ಲೇ ಹಾಕುವಂಥದ್ದು. ಪಾಸ್‌ಪೋರ್ಟಿನ ಮತ್ತು ಮುಖದ ಫೋಟೊ ಬೇಕು, ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಚಿಕ್ಕಮ್ಮ ಸುಳ್ಯದ ಸ್ಟುಡಿಯೋದಲ್ಲಿ ಬಿಳಿ ಪರದೆಯ ಎದುರು ಕೂತು ತೆಗೆಸಿದ ಫೋಟೊ ನನ್ನಲ್ಲಿತ್ತು. ಮಾವಿನಕಾಯಿ ಬಣ್ಣದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ನಾನು ನನ್ನ ಅರ್ಜಿ ಹಾಕಿದೆ. ಅವರದನ್ನು ನಾಳೆ ಹಾಕುವ ಎಂದುಕೊಂಡೆ. ನಾಳೆಯೂ ಹಾಕಲಿಲ್ಲ. ನನ್ನ ವೀಸಾ ಬಂತು. ಟಿಕೆಟ್ ಮಾಡುವ ದಿನ ಬಂದಾಗ ಮೂವರದ್ದೇ ಮಾಡಿದೆವು. "ಚಿಕ್ಕಮ್ಮನದ್ದು?" ಎಂದು ಹಿಂದಿ ಟೀಚರ್ ಕೇಳಿದರು. "ಅವರ ವೀಸಾ ಆಗ್ಲಿಲ್ಲ" ಎಂದೆ. ಮನೆಯಲ್ಲಿ ಯಜಮಾನರು ಕೇಳಿದಾಗಲೂ ಅದನ್ನೇ ಹೇಳಿದೆ. ಎರಡು ಸಲ ಹೇಳಿದ ಮೇಲೆ ಮೂರನೆಯ ಸಲ ಹೇಳುವುದು ಸುಲಭ ಎಂದುಕೊಂಡು ಆ ಭಾನುವಾರ ಸುಳ್ಯಕ್ಕೆ ಹೋದೆ.

"ಆಗ್ಲಿಲ್ಲವಾ? ಯಾಕಂತೆ?" ಎಂದರು ಚಿಕ್ಕಮ್ಮ. ಮೆಷಿನಿನ ಚಕ್ರದ ಮೇಲೆ ಅವರ ಕೈ ಇತ್ತು.

"ಕಾರಣ ಹೇಳುದಿಲ್ಲ ಚಿಕ್ಕಮ್ಮ ಅವರು."

ಚಕ್ರದಿಂದ ಕೈ ತೆಗೆದರು. ಆಮೇಲೆ ಎಂದಿನ ಜೋರು ದನಿ ಬಿಟ್ಟು ಮೆಲ್ಲ ಕೇಳಿದರು, "ಗಂಡನ ಹೆಸರಿನ ಜಾಗ ಖಾಲಿ ಬಿಟ್ಟದ್ದಕ್ಕಾ?"

ಇಲ್ಲ ಎಂದು ಹೇಳಲಿಕ್ಕೆ ಒಂದು ಕ್ಷಣ ಸಾಕಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಚಿಕ್ಕಮ್ಮ ಎಂದಷ್ಟೇ ಹೇಳಿದರೂ ಆಗುತ್ತಿತ್ತು. ಹೇಳಿದರೆ ಮತ್ತೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹಾಗಾಗಿ ನಾನು, "ಗೊತ್ತಿಲ್ಲ. ಇರ್ಬಹುದು" ಎಂದೆ.

ಸುಳ್ಳು ಹೇಳಿದ್ದಕ್ಕಿಂತ ಆ "ಇರ್ಬಹುದು" ನನ್ನನ್ನು ಹೆಚ್ಚು ಚುಚ್ಚುತ್ತದೆ.

ಅವರು ತಲೆ ಅಲ್ಲಾಡಿಸಿದರು. "ಎಲ್ಲಿ ಹೋದ್ರೂ ಅದನ್ನೇ ಕೇಳ್ತಾರೆ" ಎಂದರು. ಆಮೇಲೆ ಎದ್ದು, "ನೀನು ಹೋಗಿ ಬಾ. ಟಿಕೆಟ್ ಮಾಡಿ ಆಯ್ತಲ್ಲ, ಬಿಡ್ಬೇಡ. ನೋಡಿ ಬಂದು ನನಗೆ ಹೇಳು" ಎಂದು ಒಳಗೆ ಕಾಫಿ ಮಾಡಲು ಹೋದರು.

ಏಪ್ರಿಲಿನಲ್ಲಿ ನಾವು ಮೂವರು ಹೊರಟೆವು. ಕಾಸರಗೋಡಿನವರೆಗೆ ಬಸ್ಸು, ಆಲುವಾದವರೆಗೆ ರೈಲು. ಚಿಕ್ಕಮ್ಮನೂ ನಾನೂ ಎಷ್ಟೋ ಸಲ ಬಾಯಿಯಲ್ಲೇ ಹೋದ ದಾರಿ. ರೈಲಿನಲ್ಲಿ ಹಿಂದಿ ಟೀಚರ್ ಚಕ್ಕುಲಿ ಡಬ್ಬಿ ತೆರೆಯುತ್ತಾ, "ನಿಮ್ಮ ಚಿಕ್ಕಮ್ಮ ಇದ್ದಿದ್ರೆ ಎಷ್ಟು ಮಜಾ ಇರ್ತಿತ್ತು ಅಲ್ವಾ? ನನ್ನ ಕುರ್ತಾದ ತೋಳು ನೋಡಿ, ನಿಜಕ್ಕೂ ನೂಲು ಬಿಟ್ಟಿದೆ" ಎಂದರು.

"ನಿಮಗೆ ಅವರು ಬರುದು ಕಷ್ಟ ಅಂತ ಅನ್ನಿಸ್ಲಿಲ್ವಾ?" ಎಂದು ಕೇಳಿದೆ.

"ಎಂತ ಕಷ್ಟ? ನನ್ನ ಅತ್ತೆಗೂ ಹಾಗೆಯೇ, ಗಂಟೆಗೊಮ್ಮೆ. ಅವರನ್ನು ಸಿಂಗಾಪುರಕ್ಕೆ ಕರ್ಕೊಂಡು ಹೋಗಿದ್ದೇವೆ ನಾವು."

ನಾನು ಕಿಟಕಿಯ ಹೊರಗೆ ನೋಡಿದೆ. ಟೀಚರಿಬ್ಬರ ಮೇಲೆ ಹೊರಿಸಲಿಕ್ಕೆ ಅಂತ ನಾನು ಇಟ್ಟುಕೊಂಡಿದ್ದ ತಪ್ಪು ಅಲ್ಲೇ, ಕಣ್ಣೂರು ದಾಟುವಾಗಲೇ, ನನ್ನ ತಲೆಗೆ ವಾಪಸ್ ಬಂತು.

ವಿಯೆಟ್ನಾಮಿನಲ್ಲಿ ಏಳು ದಿನ ಇದ್ದೆವು. ಮಧ್ಯದಲ್ಲಿ ಒಂದು ಹಳೇ ಪೇಟೆಗೆ ಹೋದೆವು. ಅಲ್ಲಿ ಬೀದಿ ಬೀದಿಯೂ ಹೊಲಿಗೆಯವರದ್ದೇ. ಬೆಳಿಗ್ಗೆ ಅಳತೆ ಕೊಟ್ಟರೆ ಸಂಜೆಗೆ ಬಟ್ಟೆ ರೆಡಿ. ಟೀಚರಿಬ್ಬರೂ ಹೊಲಿಸಲಿಕ್ಕೆ ಕೊಟ್ಟರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಹೆಂಗಸರು ಮೆಷಿನಿನ ಎದುರು ಬಗ್ಗಿ ಕೂತಿದ್ದರು. ಅವರಲ್ಲೊಬ್ಬರಿಗೆ ಚಿಕ್ಕಮ್ಮನ ಪ್ರಾಯ ಇದ್ದೀತು. ಬಾಯಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಹೊಲಿದ ಕೋಟನ್ನು ಒಳಗು ಹೊರಗು ಮಾಡಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನನ್ನು ಕಂಡು ನಕ್ಕು, ಒಳಗೆ ಬಾ ಎಂಬ ಹಾಗೆ ಕೈ ಮಾಡಿ ಒಂದು ಸ್ಟೂಲು ಎಳೆದು ಕೊಟ್ಟರು. ನಾನು ಕೂರಲಿಲ್ಲ. ಹೊರಗೆ ಬಂದು ನದಿಯ ಬದಿಯಲ್ಲಿ ನಿಂತೆ. ಅಳು ಬಂತು. ಬೆವರು ಒರೆಸುವ ಹಾಗೆ ಮುಖ ಒರೆಸಿಕೊಂಡೆ.

ವಾಪಸ್ ಬಂದು ಚಿಕ್ಕಮ್ಮನಿಗೆ ರೇಷ್ಮೆಯ ಒಂದು ತುಂಡು ಬಟ್ಟೆ ಕೊಟ್ಟೆ. ಅವರು ಎಲ್ಲವನ್ನೂ ಕೇಳಿದರು. ವಿಮಾನದಲ್ಲಿ ಊಟ ಎಂತ, ನೆಲಕ್ಕೆ ತಾಗುವಾಗ ಹೆದರಿಕೆ ಆಯ್ತಾ, ಅಲ್ಲಿಯ ಅಕ್ಕಿ ದಪ್ಪವಾ ಸಪೂರವಾ. ಹೊಲಿಗೆಯವರ ಬೀದಿಯ ವಿಷಯ ನಾನು ಎತ್ತಲಿಲ್ಲ. ಅವರಾಗಿಯೇ ಕೇಳಿದರು, "ಹೊಲಿಯುವವರು ಯಾರಾದ್ರೂ ಕಾಣ್ಲಿಕ್ಕೆ ಸಿಕ್ಕಿದ್ರಾ?"

"ಇಲ್ಲ" ಎಂದೆ. ಒಂದು ಸುಳ್ಳಿನ ಹಿಂದೆ ಇನ್ನೊಂದು.

ಜುಲೈಯಲ್ಲಿ ಒಂದು ದಿನ ನಮ್ಮ ಶಾಲೆಯ ಅಡುಗೆಯವರು, "ಟೀಚರೇ, ನಿನ್ನೆ ನಿಮ್ಮ ಚಿಕ್ಕಮ್ಮನನ್ನು ಕಡಬದಲ್ಲಿ ಜೀಪಿನಲ್ಲಿ ನೋಡಿದೆ. ಮನೆಗೆ ಬಂದಿದ್ರಾ?" ಎಂದು ಕೇಳಿದರು. ಬಂದಿರಲಿಲ್ಲ. ಕಡಬಕ್ಕೆ ಬಂದು ನನ್ನ ಮನೆಗೆ ಬಾರದೆ ಅವರು ಹೋದದ್ದು ಅದುವರೆಗೆ ಇರಲಿಲ್ಲ. ಫೋನ್ ಮಾಡಿದರೆ, "ಹೌದು, ಬಂದಿದ್ದೆ. ಭಾನುವಾರ ಬಾ, ಹೇಳ್ತೇನೆ" ಎಂದರು.

ಭಾನುವಾರ ಹೋದೆ. ಅಂಗಡಿಗೆ ರಜೆ. ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂರಿಸಿ, ಒಂದು ಪ್ಲಾಸ್ಟಿಕ್ ಫೈಲು ತಂದು ತೊಡೆಯ ಮೇಲಿಟ್ಟುಕೊಂಡು ಹೇಳತೊಡಗಿದರು.

ಮೊದಲು ಅವರು ಹೋದದ್ದು ಪುತ್ತೂರಿಗೆ, ಪರಿಚಯದ ಒಬ್ಬ ವಕೀಲರ ಹತ್ತಿರ, ಗಂಡನ ಹೆಸರಿನ ಜಾಗ ಖಾಲಿ ಇರುವುದಕ್ಕೆ ಒಂದು ಕಾಗದ ಮಾಡಿಸಲಿಕ್ಕೆ. ವೀಸಾಕ್ಕೆ ಇದೆಲ್ಲ ಬೇಡ ಅಮ್ಮಾ ಎಂದು ವಕೀಲರು ಹೇಳಿದರಂತೆ. ಚಿಕ್ಕಮ್ಮ ಒಪ್ಪಲಿಲ್ಲ. "ಬೇಡ ಅಂತಾದ್ರೆ ಅವರು ಯಾಕೆ ಕೊಡ್ಲಿಲ್ಲ?" ಎಂದು ಕೇಳಿದರು. ಕೊನೆಗೆ ವಕೀಲರು, ನಾವಿಬ್ಬರೂ ಇಷ್ಟು ವರ್ಷಗಳಿಂದ ಬೇರೆ ಬೇರೆ ಇದ್ದೇವೆ, ಒಬ್ಬರಿಂದ ಒಬ್ಬರಿಗೆ ಏನೂ ಬರಲಿಕ್ಕಿಲ್ಲ ಎಂದು ಒಂದು ಪತ್ರ ಟೈಪ್ ಮಾಡಿಸಿ ಕೊಟ್ಟು, ಇದಕ್ಕೆ ಅವರ ಸಹಿ ಬೇಕಾಗ್ತದೆ ಎಂದರು.

"ಅವರ ಅಂದ್ರೆ?" ಎಂದೆ, ಗೊತ್ತಿದ್ದೂ.

"ಅವರದ್ದೇ. ಮತ್ಯಾರದ್ದು?"

ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ಚಿಕ್ಕಮ್ಮ ಆ ಮನೆಗೆ ಹೋದರು. ಕಡಬದಲ್ಲಿ ಬಸ್ಸಿನಿಂದ ಇಳಿದು, ಜೀಪು ಹತ್ತಿ, ಜೀಪು ಬಿಟ್ಟಲ್ಲಿಂದ ರಬ್ಬರ್ ತೋಟದ ಮಧ್ಯೆ ಮಳೆಯಲ್ಲಿ ನಡೆದು. ಗಂಡ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರಂತೆ. ಚಿಕ್ಕಮ್ಮನ ಗುರುತು ಸಿಗಲಿಲ್ಲ. ಕೈಯಲ್ಲಿ ಫೈಲು ನೋಡಿ, "ಪಂಚಾಯತಿನಿಂದ ಸರ್ವೆಗಾ?" ಎಂದು ಕೇಳಿದರು.

"ನಾನು ನನ್ನ ಹೆಸರು ಹೇಳಿದೆ. ಅವರು ಪೇಪರ್ ಮಡಚಿದ್ರು. ಆಗ ಒಳಗಿಂದ ಅವರ ಹೆಂಡತಿ ಬಂದ್ರು. ಮಳೆಯಲ್ಲಿ ನಿಂತದ್ದು ಯಾಕೆ, ಮೇಲೆ ಬನ್ನಿ ಅಂದ್ರು. ನಾನು ಹತ್ತಿದೆ."

ಅಷ್ಟು ಹೇಳಿ ಚಿಕ್ಕಮ್ಮ ಫೈಲಿನ ಗುಂಡಿಯನ್ನು ಒತ್ತಿ ತೆಗೆದು, ಒತ್ತಿ ತೆಗೆದು ಮಾಡಿದರು.

"ವಿದೇಶಕ್ಕೆ ಹೋಗ್ಲಿಕ್ಕೆ ಉಂಟು, ಸಹಿ ಬೇಕು ಅಂದೆ. ಇಷ್ಟು ವರ್ಷ ಆದ ಮೇಲೆ ಕೇಸು ಹಾಕ್ಲಿಕ್ಕಾ, ಜಾಗದಲ್ಲಿ ಪಾಲು ಕೇಳ್ಲಿಕ್ಕಾ ಅಂತ ಕೇಳಿದ್ರು. ಓದಿ ನೋಡಿ ಅಂದೆ. ಓದಿದ್ರು. ಆಮೇಲೆ ನಗಾಡಿದ್ರು. ಮೂರು ತಿಂಗಳು ಒಂದು ಮನೆಯಲ್ಲಿ ನಿಲ್ಲಲಿಕ್ಕೆ ಆಗದವಳು ಈಗ ದೇಶ ಸುತ್ತುದಾ ಅಂತ ಹೇಳಿದ್ರು."

"ನೀವು ಎಂತ ಹೇಳಿದ್ರಿ?"

"ನಾನು ಎಂತ ಹೇಳುದು? ಸಹಿ ಬೇಕಲ್ಲ ನನಗೆ. ಸುಮ್ಮನೆ ಕೂತೆ."

ಕೊನೆಗೆ ಹೆಂಡತಿಯೇ ಒಳಗಿನಿಂದ ಪೆನ್ನು ತಂದು ಗಂಡನ ಕೈಯಲ್ಲಿಟ್ಟು "ಹಾಕಿ ಕೊಡಿ" ಎಂದರಂತೆ. ಅವರು ಹಾಕಿದರು. ಹೊರಡುವಾಗ ಆ ಹೆಂಗಸು ಜೀಪಿನವರೆಗೆ ಕೊಡೆ ಹಿಡಿದುಕೊಂಡು ಬಂದರು.

ಚಿಕ್ಕಮ್ಮ ಫೈಲನ್ನು ನನ್ನ ಕೈಗೆ ಕೊಟ್ಟರು. "ಇದನ್ನು ಸೇರಿಸಿ ಇನ್ನೊಮ್ಮೆ ಅರ್ಜಿ ಹಾಕು. ಈಗ ಅವರು ಎಂತ ಹೇಳ್ತಾರೆ ನೋಡುವ."

ಆಗಲೇ ಅವರ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. "ಸರಿ ಚಿಕ್ಕಮ್ಮ, ಹಾಕ್ತೇನೆ" ಎಂದು ಹೇಳಿ ಫೈಲು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಆ ಒಂದು ವಾರ ನನ್ನ ಮನಸ್ಸು ಎಂಥೆಂಥ ದಾರಿ ಹಿಡಿಯಿತು ಎಂದು ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಈಗ ಅರ್ಜಿ ಹಾಕಿದರೆ ಕೆಲವೇ ದಿನಗಳಲ್ಲಿ ವೀಸಾ ಬರುತ್ತದೆ. ಆ ಸಹಿಯಿಂದಲೇ ಬಂತು ಎಂದು ಚಿಕ್ಕಮ್ಮ ನಂಬುತ್ತಾರೆ. ನಾನೇ ಅವರನ್ನು ಕರೆದುಕೊಂಡು ಹೋಗಿ ಆ ಹೊಲಿಗೆಯವರ ಬೀದಿ ತೋರಿಸಬಹುದು. ಎಲ್ಲರಿಗೂ ಸಂತೋಷ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮೊಬೈಲು ತೆರೆದು ಅವರ ಹೆಸರು, ಹುಟ್ಟಿದ ತಾರೀಕು ತುಂಬಿಸಿಯೂ ಬಿಟ್ಟೆ. ಫೋಟೊ ಹಾಕುವಲ್ಲಿಗೆ ಬಂದಾಗ ಆ ಮಾವಿನಕಾಯಿ ಬಣ್ಣದ ಸೀರೆಯ ಮುಖ ಕಂಡಿತು. ಹಾಗೆ ಮಾಡಿದರೆ, ಆ ಮನುಷ್ಯ ಸಹಿ ಹಾಕಿದ್ದರಿಂದ ತನಗೆ ಲೋಕ ನೋಡಲಿಕ್ಕೆ ಆಯಿತು ಎಂದು ಇವರು ಸಾಯುವವರೆಗೆ ತಿಳಿದುಕೊಂಡಿರುತ್ತಾರಲ್ಲ ಎಂದು ಹೊಳೆಯಿತು. ಮೊಬೈಲು ಮುಚ್ಚಿಟ್ಟೆ. ಯಜಮಾನರಲ್ಲಿ ಹೇಳಿದೆ. ಅವರು ಬೈಯಲಿಲ್ಲ. "ನಾನು ಬರ್ಬೇಕಾ, ನೀನೊಬ್ಬಳೇ ಹೋಗ್ತೀಯಾ?" ಎಂದು ಕೇಳಿದರು. ಒಬ್ಬಳೇ ಹೋಗ್ತೇನೆ ಎಂದೆ.

ಮುಂದಿನ ಭಾನುವಾರ ಚಿಕ್ಕಮ್ಮ ಒಂದು ಮದುವೆಯ ಬ್ಲೌಸಿಗೆ ಹುಕ್ಕು ಹಾಕುತ್ತಾ ಕೂತಿದ್ದರು. ನಾನು ಅವರ ಬಲಗಿವಿಯ ಬದಿಗೆ ಹೋಗಿ ನೆಲದ ಮೇಲೆ ಕೂತು ಹೇಳಿದೆ.

"ಚಿಕ್ಕಮ್ಮ, ನಾನು ನಿಮ್ಮ ಅರ್ಜಿ ಹಾಕ್ಲಿಲ್ಲ."

"ಈ ವಾರ ಪುರುಸೊತ್ತಾಗ್ಲಿಲ್ಲವಾ?"

"ಈ ವಾರ ಅಲ್ಲ. ಆಗಲೂ ಹಾಕಿರ್ಲಿಲ್ಲ. ವೀಸಾ ಆಗ್ಲಿಲ್ಲ ಅಂತ ಹೇಳಿದ್ದು ಸುಳ್ಳು."

ಸೂಜಿ ನಿಂತಿತು.

"ಅರ್ಜಿಯೇ ಹಾಕ್ಲಿಲ್ಲವಾ?"

"ಇಲ್ಲ."

"ನಾನು ತೆಗೆಸಿದ ಫೋಟೊ?"

"ಮೊಬೈಲಿನಲ್ಲೇ ಉಂಟು."

"ಯಾಕೆ?"

"ಆ ಟೀಚರ್‌ಗಳ ಜೊತೆ... ನೀವು ಬಂದ್ರೆ ಅವರಿಗೆ..." ಎಂದು ತೊದಲಿದೆ.

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದರು. "ಅವರಿಗೆ ನಾಚಿಕೆಯಾ? ನಿನಗಾ?"

"ನನಗೆ."

ಅವರು ಪುನಃ ಹುಕ್ಕು ಹಾಕಲು ಶುರು ಮಾಡಿದರು. ಒಂದು ಹಾಕಿದರು, ಎರಡು ಹಾಕಿದರು. ನಾನು ಅಳುತ್ತಾ ಕ್ಷಮೆ ಕೇಳಿದೆ. ಮೂರನೆಯದಕ್ಕೆ ನೂಲು ಕಡಿದು ಗಂಟು ಹಾಕಿ, "ನಾನು ಆ ಮೆಟ್ಟಿಲು ಹತ್ತಿದೆನಲ್ಲಾ" ಎಂದರು. ನನ್ನಲ್ಲಿ ಹೇಳಿದ ಹಾಗೆ ಇರಲಿಲ್ಲ. ತನ್ನಷ್ಟಕ್ಕೆ ಹೇಳಿಕೊಂಡ ಹಾಗಿತ್ತು. ಆಮೇಲೆ ನಾನು ವಾಪಸ್ ತಂದಿದ್ದ ಫೈಲನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟರು. "ಬಸ್ಸಿಗೆ ಹೊತ್ತಾಯ್ತು ನಿನಗೆ. ಹೋಗು" ಎಂದರು. ಅವತ್ತು ಕಾಫಿ ಕೊಡಲಿಲ್ಲ.

ಮೂರು ತಿಂಗಳು ನಮ್ಮ ನಡುವೆ ಬೇಕಾದಷ್ಟೇ ಮಾತು. ನಾನು ಫೋನ್ ಮಾಡಿದರೆ ಎತ್ತುತ್ತಿದ್ದರು. ಹುಷಾರಿದ್ದೀರಾ, ಹುಷಾರಿದ್ದೇನೆ. ಒಂದು ದಿನ ಧೈರ್ಯ ಮಾಡಿ, ನಾವಿಬ್ಬರೇ ವಿಯೆಟ್ನಾಮಿಗೆ ಹೋಗುವ, ನಾನು ಎಲ್ಲ ಏರ್ಪಾಡು ಮಾಡ್ತೇನೆ ಎಂದೆ. "ನಿನ್ನ ಜೊತೆ ಬೇಡ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಈ ಬಣ್ಣ ಬೇಡ ಎಂದು ಗಿರಾಕಿಗಳು ಹೇಳುವಷ್ಟೇ ಸಾದಾ ಆಗಿ ಹೇಳಿದರು.

ಅವರಿಂದ ಹಿಂದೆ ಹೊಲಿಗೆ ಕಲಿತ ಒಬ್ಬರು ನೆಲ್ಯಾಡಿಯಲ್ಲಿದ್ದಾರೆ, ಮಲಯಾಳಂ ಮಾತಾಡುವವರು. ಅವರ ಮನೆಯವರು, ನೆರೆಯವರು ಸೇರಿ ಏಳು ಜನ ಡಿಸೆಂಬರಿನಲ್ಲಿ ಶ್ರೀಲಂಕಾಕ್ಕೆ ಹೊರಟಿದ್ದರು. ಚಿಕ್ಕಮ್ಮ ಎಂಟನೆಯವರಾಗಿ ಸೇರಿಕೊಂಡರು. ಅರ್ಜಿಯನ್ನು ಆ ಶಿಷ್ಯೆಯೇ ತುಂಬಿಸಿದರು. ಅನುಮತಿ ಎರಡೇ ದಿನದಲ್ಲಿ ಬಂತು, ಯಾವ ಸಹಿಯನ್ನೂ ಯಾರೂ ಕೇಳಲಿಲ್ಲ. ನನಗೆ ಗೊತ್ತಾದದ್ದು ಹೊರಡುವ ಮುನ್ನಾದಿನ. ಬೆಂಗಳೂರಿಗೆ ಹೋಗುವ ವ್ಯಾನು ನೆಲ್ಯಾಡಿಯಿಂದ ಬೆಳಿಗ್ಗೆ ಬಿಡುವುದಿತ್ತು. ನಾನು ಹೋದೆ. ಚಿಕ್ಕಮ್ಮ ಕಿಟಕಿಯ ಬದಿ ಕೂತಿದ್ದರು, ಮಡಿಲಲ್ಲಿ ಕೈಚೀಲ, ಕಾಲಡಿಯಲ್ಲಿ ಕುಕ್ಕರಿನ ರಟ್ಟಿನ ಪೆಟ್ಟಿಗೆ. ನನ್ನನ್ನು ಕಂಡು, "ನೀನು ಯಾಕೆ ಬಂದದ್ದು? ಶಾಲೆ ಇಲ್ವಾ?" ಎಂದರು. ರಜೆ ಹಾಕಿದ್ದೇನೆ ಎಂದೆ. "ಸುಮ್ಮನೆ ರಜೆ ಹಾಳು ಮಾಡ್ಬೇಡ" ಎಂದರು. ವ್ಯಾನು ಹೊರಟಿತು. ಆಚೆ ಬದಿಯ ಹೆಂಗಸು ಅವರ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದರು, ಚಿಕ್ಕಮ್ಮ ಜೋರಾಗಿ ನಕ್ಕದ್ದು ನನಗೆ ಹೊರಗೆ ಕೇಳಿಸಿತು. ಅವರ ಜೊತೆಗಿರಲು ನಾಚಿಕೆಪಡುವವರು ಆ ವ್ಯಾನಿನಲ್ಲಿ ಯಾರೂ ಇರಲಿಲ್ಲ.

ಈಗ ಕಡಬದ ಆ ಮನೆಯ ಹೆಂಗಸು ಎರಡು ತಿಂಗಳಿಗೊಮ್ಮೆ ಸುಳ್ಯಕ್ಕೆ ಬರುತ್ತಾರೆ, ಬ್ಲೌಸು ಹೊಲಿಸಲಿಕ್ಕೆ. ಕಡಬದಲ್ಲೇ ಬೇಕಾದಷ್ಟು ಹೊಲಿಗೆಯವರಿದ್ದಾರೆ. ಒಮ್ಮೆ ನಾನು ಹೋದಾಗ ಇಬ್ಬರೂ ಮಂಚದ ಮೇಲೆ ಕೂತು ಶ್ರೀಲಂಕಾದ ಫೋಟೊ ನೋಡುತ್ತಿದ್ದರು. ನಿನ್ನಿಂದ ಹೀಗೊಂದು ಒಳ್ಳೆಯದೂ ಆಯಿತಲ್ಲ ಎಂದು ಯಜಮಾನರು ನನ್ನನ್ನು ಸಮಾಧಾನ ಮಾಡುತ್ತಾರೆ. ಆ ಸಮಾಧಾನವನ್ನು ತೆಗೆದುಕೊಳ್ಳಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಆ ಗೆಳೆತನ ಅವರಿಬ್ಬರು ಮಾಡಿಕೊಂಡದ್ದು. ನಾನು ಮಾಡಿದ್ದು ಬೇರೆ.

ಶ್ರೀಲಂಕಾದಿಂದ ಬಂದ ವಾರ ಚಿಕ್ಕಮ್ಮನನ್ನು ನೋಡಲು ಹೋಗಿದ್ದೆ. ಒಂದು ಸಂತೆಯಲ್ಲಿ ಅವರು ಗುಂಪಿನಿಂದ ತಪ್ಪಿಹೋಗಿ ಒಂದು ಗಂಟೆ ಒಬ್ಬರೇ ಇದ್ದರಂತೆ. ಒಂದು ಹಣ್ಣಿನ ಅಂಗಡಿಯವರು ಕುರ್ಚಿ ಕೊಟ್ಟು ಕೂರಿಸಿದರಂತೆ.

"ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಇಲ್ಲ. ಹಾಯಾಗಿತ್ತು" ಎಂದರು. ಆಮೇಲೆ ನನ್ನನ್ನು ನೋಡಿ, "ನಿನಗೆ ಇನ್ನೂ ಬೇಸರ ಉಂಟಾ?" ಎಂದು ಕೇಳಿದರು.

"ಉಂಟು ಚಿಕ್ಕಮ್ಮ."

"ಇರ್ಲಿ. ಸ್ವಲ್ಪ ದಿನ ಇರ್ಲಿ" ಎಂದರು.

ಆಮೇಲೆ ಫಾಲ್ ಹಚ್ಚಿ ಮುಗಿಸಿದ್ದ ಒಂದು ಸೀರೆಯ ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ಸರಿಯಾಗಿ ಎಳೆದು ಹಿಡಿ" ಎಂದರು. ಇಬ್ಬರೂ ಸೇರಿ ಮಡಚಿದೆವು. ನಾನು ಐದು ಗಂಟೆಯ ಬಸ್ಸಿಗೆ ಕಡಬಕ್ಕೆ ಹೊರಟೆ.